ಕಾಪು ದೀಪಸ್ತಂಭ: ಕರೆಂಟಿಲ್ಲದೆ ಬೆಳಕು ಅಷ್ಟು ದೂರ ಹೇಗೆ?

ಮಂಡ್ಯದಿಂದ ಉಡುಪಿ ಬಳಿಯ ಕಾಪುವಿಗೆ ಹೋಗಿ ಬಂದು ನೀವು ಎರಡು ವಿಷಯ ಕೇಳಿದ್ದೀರಿ: 1901ರಲ್ಲಿ ಕರೆಂಟಿಲ್ಲದೆ ಆ ದೀಪಸ್ತಂಭ ಹೇಗೆ ಉರಿಯುತ್ತಿತ್ತು, ಹಗಲಲ್ಲಿ ಲೆನ್ಸಿಗೆ ಪರದೆ ಏಕೆ ಹಾಕುತ್ತಾರೆ. ಒಳ್ಳೆಯ ಪ್ರಶ್ನೆ. ನಮ್ಮ ಶಿವನಸಮುದ್ರದ ವಿದ್ಯುತ್ ಕೋಲಾರದ ಗಣಿಗೆ ಹೋಗಿದ್ದೇ 1902ರಲ್ಲಿ.

ಆಗಿನ ದೀಪಸ್ತಂಭಗಳಲ್ಲಿ ಇದ್ದದ್ದು ಎಣ್ಣೆ ದೀಪ. ಗುಟ್ಟೆಲ್ಲ ಲೆನ್ಸಿನಲ್ಲಿ. ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ರೂಪಿಸಿದ ಈ ಲೆನ್ಸಿನಲ್ಲಿ ನಡುವೆ ಉಬ್ಬುಗಾಜು, ಅದರ ಸುತ್ತ ಸಾಲುಸಾಲು ಪಟ್ಟಕಗಳು. ಮೇಲಕ್ಕೂ ಕೆಳಕ್ಕೂ ಚೆದುರುವ ಬೆಳಕನ್ನು ಬಾಗಿಸಿ ದಿಗಂತದ ಕಡೆ ಕಳಿಸುತ್ತವೆ. ಜ್ವಾಲೆ ಲೆನ್ಸಿನ ನಡುಮಟ್ಟದಿಂದ ಸ್ವಲ್ಪ ಮೇಲೆ ಜರುಗಿದರೂ ಬೆಳಕು ಹತ್ತಿರದ ನೀರಿಗೇ ಬೀಳುತ್ತದೆ.

ಆಮೇಲೆ ಬಂದ ಸೀಮೆಎಣ್ಣೆ ಆವಿ ದೀಪ ಪೆಟ್ರೋಮ್ಯಾಕ್ಸ್ ತರಹದ್ದೇ. ಕೊಳವೆ ಸರಿಯಾಗಿ ಕಾಯದಿದ್ದರೆ ಎಣ್ಣೆ ಆವಿಯಾಗದೆ ಚಿಮ್ಮಿ, ಮ್ಯಾಂಟಲ್ಲಿಗೂ (ಬೆಳಗುವ ಬಲೆಚೀಲ) ಗಾಜಿಗೂ ಮಸಿ ಹಿಡಿಯುತ್ತದೆ.

ದೂರದ ಲೆಕ್ಕ ಸುಲಭ: ಮೀಟರಿನಲ್ಲಿ ಎತ್ತರದ ವರ್ಗಮೂಲವನ್ನು 3.86ರಿಂದ ಗುಣಿಸಿದರೆ ದಿಗಂತದ ದೂರ ಕಿ.ಮೀ.ಗಳಲ್ಲಿ ಸಿಗುತ್ತದೆ. ಗೋಪುರ ಸುಮಾರು 27 ಮೀಟರ್. ಅದು ನಿಂತಿರುವ ಬಂಡೆಯ ಎತ್ತರ ಬಿಟ್ಟರೂ 20 ಕಿ.ಮೀ. ಸಮುದ್ರಮಟ್ಟದಿಂದ 5 ಮೀಟರ್ ಮೇಲೆ ನಿಂತ ನಾವಿಕನಿಗೆ ಇನ್ನೂ 8.6 ಕಿ.ಮೀ. ಆಚೆಯಿಂದಲೇ ಕಾಣುತ್ತದೆ.

ಪರದೆ ಇಲ್ಲದಿದ್ದರೆ ಅದೇ ಲೆನ್ಸು ಬಿಸಿಲನ್ನು ಒಳಗಿನ ದೀಪದ ಮೇಲೆ ಕೇಂದ್ರೀಕರಿಸಿ ಬರ್ನರನ್ನೇ ಕೆಡಿಸುತ್ತದೆ.