ಕ್ಯಾಲ್ಗರಿಯ ಬೇಸಿಗೆ: ನದಿ, ಹಿತ್ತಲು, ಉಪ್ಪಿನಕಾಯಿ

ಅಕ್ಕಾ ಅಂತ ಕರೆದು ಕೇಳಿದ್ದೀಯ, ಅದಕ್ಕೆ ಏಕವಚನದಲ್ಲೇ ಬರೀತೀನಿ. ದಾವಣಗೆರೆಯಿಂದ ಕೆನಡಾದ ಕ್ಯಾಲ್ಗರಿಗೆ ಏಪ್ರಿಲಲ್ಲಿ ಬಂದಿಳಿದಿದ್ದೀಯ, ಕಿಟಕಿಯಾಚೆ ಇನ್ನೂ ಹಿಮ ಬೀಳ್ತಿದೆ. ಪಕ್ಕದ ಮನೆಯವರು ಆಗಲೇ ಮೀನು ಹಿಡಿಯೋ ರಾಡ್ ಒರೆಸಿ ಇಡ್ತಿದ್ದಾರೆ, ಅಡುಗೆಮನೆ ಕಿಟಕಿಯಲ್ಲಿ ಟೊಮ್ಯಾಟೊ ಸಸಿ ಸಾಲಾಗಿ ಜೋಡಿಸಿದ್ದಾರೆ. ಇಲ್ಲಿ ಬೇಸಿಗೆ ಅಂತ ಒಂದು ಇದೆಯಾ, ಇದ್ರೆ ಜನ ಏನು ಮಾಡ್ತಾರೆ, ಇದೆಲ್ಲ ನಮ್ಮಂಥವರಿಗೆ ಒಗ್ಗುತ್ತಾ, ಜುಲೈಯಲ್ಲಿ ಬರೋ ಅತ್ತೆಗೆ ಹೊತ್ತು ಹೋಗೋದು ಹೇಗೆ ಅಂತ ಕೇಳಿದ್ದೀಯ.

ಒಗ್ಗುತ್ತೆ. ಆದ್ರೆ ಊರಿನ ಪಂಚಾಂಗ ಇಟ್ಕೊಂಡು ಇಲ್ಲಿನ ನೆಲಕ್ಕೆ ಇಳಿದ್ರೆ ಒಗ್ಗಲ್ಲ. ಈ ಜಾಗಕ್ಕೆ ಅದರದೇ ಲೆಕ್ಕ ಇದೆ. ಆ ಲೆಕ್ಕ ಕೈಗೆ ಸಿಕ್ಕಿದ ವರ್ಷವೇ ನನಗೆ ಇದು ಬಾಡಿಗೆ ಊರು ಅನ್ನಿಸೋದು ನಿಂತಿದ್ದು. ಬಂದ ಹೊಸತರಲ್ಲಿ ಎಲ್ರೂ ಬೇಸಿಗೆ ಪೂರ್ತಿ ಬೆಟ್ಟದ ಕಡೆಯ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನ, ಅಲ್ಲಿಯ ಲೇಕ್ ಲೂಯಿಸ್ ಸರೋವರ ಅಂತ ಓಡಾಡಿ ಫೋಟೋ ತೆಗೀತಾರೆ. ನೋಡು, ಖಂಡಿತ ನೋಡು. ಆದ್ರೆ ಮೊದಲ ವರ್ಷವೇ ಕೈಗೆ ಮಣ್ಣು ಹತ್ತೋ ಕೆಲಸ ಒಂದಾದ್ರೂ ಹಿಡ್ಕೊ.

ಮೊದಲು ಹಿತ್ತಲು. ಇಲ್ಲಿ ಮೇ ಕೊನೆಯವರೆಗೂ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಎಳೇ ಗಿಡ ಸುಟ್ಟು ಹೋಗುತ್ತೆ. ಮಧ್ಯೆ ಒಂದು ವಾರ ಬಿಸಿಲು ಬಂತು ಅಂತ ಮರುಳಾಗಬೇಡ. ವಿಕ್ಟೋರಿಯಾ ಡೇ ರಜೆ, ಅಂದ್ರೆ ಮೇ 25ಕ್ಕೆ ಮುಂಚಿನ ಸೋಮವಾರ, ಅದು ಕಳೆದ ಮೇಲೇ ಟೊಮ್ಯಾಟೊ, ಮೆಣಸಿನ ಸಸಿ ಹೊರಗಿಡೋದು ಇಲ್ಲಿಯ ವಾಡಿಕೆ. ಸೆಪ್ಟೆಂಬರ್ ನಡುವಿಗೆ ಮತ್ತೆ ಹೆಪ್ಪು ಬೀಳುತ್ತೆ. ನಡುವೆ ಸಿಗೋದು ಹೆಚ್ಚುಕಮ್ಮಿ ನಾಲ್ಕು ತಿಂಗಳು. ಆದ್ರೆ ಆ ತಿಂಗಳುಗಳ ಬೆಳಕು! ಜೂನ್ ಮೂರನೇ ವಾರದಲ್ಲಿ ಹಗಲು ಹದಿನಾರೂವರೆ ಗಂಟೆ, ಸೂರ್ಯ ಮುಳುಗೋ ಹೊತ್ತಿಗೆ ರಾತ್ರಿ ಹತ್ತು ಗಂಟೆ ಹತ್ರ ಬಂದಿರುತ್ತೆ. ಕೆಲಸದಿಂದ ಬಂದು ಊಟ ಮುಗಿಸಿ ಆಮೇಲೂ ಎರಡು ಗಂಟೆ ಕಳೆ ಕೀಳಬಹುದು.

ಈ ಉದ್ದ ಹಗಲಿನಲ್ಲೇ ನಮ್ಮವರ ತರಕಾರಿ ಲೆಕ್ಕ ತಪ್ಪೋದು. ಅವರೆಕಾಯಿ ಹಾಕಬೇಕು ಅಂತ ನಿನಗೂ ಆಸೆ ಬಂದೇ ಬರುತ್ತೆ. ನಾಟಿ ಅವರೆ ಹಗಲು ಗಿಡ್ಡವಾದಾಗ ಹೂ ಬಿಡೋ ಗಿಡ, ಅದಕ್ಕೇ ಊರಲ್ಲಿ ಡಿಸೆಂಬರ್, ಜನವರಿಯಲ್ಲಿ ಸೊಗಡು. ಇಲ್ಲಿ ಜುಲೈಯಲ್ಲಿ ಬಳ್ಳಿ ಬೇಲಿ ತುಂಬ ಹಬ್ಬುತ್ತೆ, ಹೂವಿನ ಸುಳಿವೇ ಇರಲ್ಲ. ಹಗಲು ಗಿಡ್ಡವಾಗಿ ಮೊಗ್ಗು ಕಾಣೋ ಹೊತ್ತಿಗೆ ಹೆಪ್ಪು ಬಿದ್ದು ಬಳ್ಳಿ ಕಪ್ಪಾಗುತ್ತೆ. ಪುಂಡಿ ಸೊಪ್ಪಿನದೂ ಅದೇ ಸ್ವಭಾವ, ಆದ್ರೆ ಅದರಲ್ಲಿ ನಮಗೆ ಬೇಕಾದ್ದು ಎಲೆ, ಹಾಗಾಗಿ ನಷ್ಟ ಇಲ್ಲ. ಹೀರೆ, ಹಾಗಲ ಗಾಜಿನ ಮನೆ ಇದ್ರೆ ನೋಡು, ಇಲ್ಲದಿದ್ರೆ ಜಾಗ ವ್ಯರ್ಥ. ಮೆಂತ್ಯ, ಮೂಲಂಗಿ, ಪಾಲಕ್, ಬಟಾಣಿ, ಹುರುಳಿಕಾಯಿ, ಆಲೂಗಡ್ಡೆ ಮಾತ್ರ ಕಣ್ಣು ಮುಚ್ಚಿ ಹಾಕು. ಅಂಗಡಿ ಮೆಂತ್ಯಕಾಳು ಒಂದು ಹಿಡಿ ನೆನೆಸಿ ಚೆಲ್ಲಿದ್ರೂ ಹುಟ್ಟುತ್ತೆ. ಕೊತ್ತಂಬರಿ ಉದ್ದ ಹಗಲಿಗೆ ಬೇಗ ಹೂ ಬಿಟ್ಟುಬಿಡುತ್ತೆ, ಅದಕ್ಕೆ ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತು. ಹಸಿಮೆಣಸಿಗೆ ದಕ್ಷಿಣದ ಗೋಡೆಗೆ ಒರಗಿಸಿದ ಕುಂಡವೇ ಸರಿ.

ಆಲಿಕಲ್ಲಿನ ವಿಷಯ ಹೇಳಲೇಬೇಕು. 2020ರ ಜೂನ್ 13ರಂದು ಬಿದ್ದ ಆಲಿಕಲ್ಲಿಗೆ ಈಶಾನ್ಯ ಬಡಾವಣೆಗಳಲ್ಲಿ ಮನೆಗಳ ಹೊರಗೋಡೆಯ ಹೊದಿಕೆಯೇ ಚಿಂದಿಯಾಯ್ತು, ತೋಟದ ಗತಿ ಕೇಳಬೇಡ. ಅದಕ್ಕೆ ಮಡಿಯ ಮೇಲೆ ಕಮಾನು ಕಟ್ಟಿ ಬಲೆ ಹೊದಿಸೋದು. ಮಳೆನೀರಿನ ಪೀಪಾಯಿ ಒಂದೂ ಇಡು. 2024ರ ಜೂನಲ್ಲಿ ಊರಿನ ಮುಖ್ಯ ನೀರಿನ ಪೈಪ್ ಒಡೆದು ತೋಟಕ್ಕೆ ನಲ್ಲಿ ನೀರು ಬಿಡೋದೇ ನಿಷೇಧ ಆದಾಗ ಪೀಪಾಯಿ ಇದ್ದವರ ಗಿಡ ಉಳೀತು.

ಇನ್ನು ನದಿ. ಬೋ ನದಿ ಬ್ಯಾನ್ಫಿನ ಹಿಮನದಿಯಿಂದ ಇಳಿದು ಊರ ನಡುವೆಯೇ ಹರಿಯುತ್ತೆ. ಪೇಟೆಯ ಎತ್ತರದ ಕಟ್ಟಡಗಳು ಕಾಣೋ ಜಾಗದಲ್ಲೇ ಟ್ರೌಟ್ ಮೀನು ಸಿಗೋ ನದಿ ಇದು, ದೇಶದೇಶದಿಂದ ಜನ ಬರೋದು ಅದಕ್ಕೇ. ಊರಿನ ಕೆಳಗೆ ಸಿಗೋ ರೇನ್‌ಬೋ, ಬ್ರೌನ್ ಟ್ರೌಟ್ ಎರಡೂ ಇಲ್ಲಿಯ ಮೂಲದವಲ್ಲ. ಬ್ರೌನ್ ಟ್ರೌಟ್ ಸೇರಿದ್ದು 1925ರಲ್ಲಿ. ಮರಿ ಸಾಗಿಸ್ತಿದ್ದ ಟ್ರಕ್ ಬ್ಯಾನ್ಫ್ ಹತ್ರ ಕೆಟ್ಟು ನಿಂತಾಗ ಅವು ಸಾಯದಿರಲಿ ಅಂತ ಕ್ಯಾರಟ್ ಕ್ರೀಕ್ ಅನ್ನೋ ಹಳ್ಳಕ್ಕೆ ಬಿಟ್ಟರಂತೆ, ಅವು ಅಲ್ಲಿಂದ ಇಡೀ ನದಿಗೆ ಹಬ್ಬಿದವು. ನಾನು ತೀರ್ಥಹಳ್ಳಿಯವಳು. ತುಂಗೆಯ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಮೀನಿಗೆ ಅಕ್ಕಿ, ಪುರಿ ಹಾಕಿ ಬೆಳೆದ ನನಗೆ ಗಾಳ ಹಿಡಿಯೋಕೆ ಮನಸ್ಸು ಒಪ್ಪೋಕೆ ಕಾಲ ಹಿಡೀತು. ಒಪ್ಪಿದ್ದು ಯಾಕೆ ಅಂದ್ರೆ, ಊರಿಂದ ಕಾರ್ಸ್‌ಲ್ಯಾಂಡ್ ಅಣೆಕಟ್ಟೆವರೆಗಿನ ಭಾಗದಲ್ಲಿ ಟ್ರೌಟ್ ಮನೆಗೆ ಒಯ್ಯೋ ಹಾಗೇ ಇಲ್ಲ. ಹಿಡಿದದ್ದನ್ನ ಬಿಡಲೇಬೇಕು.

ಫ್ಲೈ ಫಿಶಿಂಗಲ್ಲಿ ಎರೆಹುಳ, ಹಿಟ್ಟು ಯಾವುದೂ ಇಲ್ಲ. ಗರಿ, ಕೂದಲು, ದಾರ ಸುತ್ತಿ ಮಾಡಿದ ಹುಳದ ಹಾಗಿನ ಗಾಳ, ಅದನ್ನೇ ಫ್ಲೈ ಅನ್ನೋದು. ಅದಕ್ಕೆ ತೂಕ ಇಲ್ಲ, ತೂಕ ಇರೋದು ದಪ್ಪ ದಾರಕ್ಕೆ. ಅದಕ್ಕೇ ಎಸೆಯೋದನ್ನ ಮೊದಲು ಹುಲ್ಲಿನ ಮೇಲೆ ಕಲೀಬೇಕು. ರಾಡನ್ನ ಹಿಂದಕ್ಕೆ ತಂದು ನಿಲ್ಲಿಸಿದಾಗ ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳೋವರೆಗೆ ತಡೀಬೇಕು, ಆಮೇಲೇ ಮುಂದಕ್ಕೆ. ತೋಳಿನ ಬಲ ಬೇಡ. ಸರಿಯಾದಾಗ ದಾರ ನೀರಿನ ಮೇಲೆ ನೆಟ್ಟಗೆ ಹಾಸಿಕೊಳ್ಳುತ್ತೆ, ಫ್ಲೈ ಕೊನೆಗೆ ತಾನಾಗಿ ಕೂರುತ್ತೆ. ಒಂಬತ್ತು ಅಡಿಯ, ಐದು ಇಲ್ಲವೇ ಆರು ನಂಬರಿನ ರಾಡ್ ಸಾಕು.

ಮೀನು ಬಿಡೋದಕ್ಕೂ ಕ್ರಮ ಇದೆ, ಅದನ್ನ ಹಿಡಿಯೋಕೆ ಮುಂಚೆಯೇ ಕಲಿ. ಕೈ ಒದ್ದೆ ಮಾಡ್ಕೊಳ್ಳದೆ ಮುಟ್ಟಬೇಡ, ಒಣಕೈಗೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತೆ, ಆ ಲೋಳೆಯೇ ಅದಕ್ಕೆ ರಕ್ಷೆ. ಗಾಳದ ಒಳಮುಳ್ಳನ್ನ ಮೊದಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ರೆ ಸಲೀಸಾಗಿ ಬಿಚ್ಚುತ್ತೆ. ನೀರಿನೊಳಗೇ ಬಿಚ್ಚಿ, ಹೊಟ್ಟೆಯಡಿ ಕೈಯಿಟ್ಟು, ಮುಖ ಪ್ರವಾಹಕ್ಕೆ ಎದುರು ಮಾಡಿ ಹಿಡಿ. ಕಿವಿರು ಆಡುತ್ತೆ, ಬಾಲಕ್ಕೆ ಬಲ ಬರುತ್ತೆ, ಆಮೇಲೆ ತಾನೇ ನಿನ್ನ ಕೈ ಒದ್ದು ಹೋಗುತ್ತೆ. ಅಲ್ಲಿವರೆಗೆ ಬಿಡಬೇಡ. ನೀರು 20 ಡಿಗ್ರಿ ದಾಟೋ ಬಿಸಿ ಮಧ್ಯಾಹ್ನಗಳಲ್ಲಿ ಹಿಡಿಯಲೇಬೇಡ, ಬಿಟ್ಟರೂ ಬದುಕಲ್ಲ. ಬುಲ್ ಟ್ರೌಟ್ ನಾವಿರೋ ಆಲ್ಬರ್ಟಾ ಪ್ರಾಂತ್ಯದ ಅಧಿಕೃತ ಮೀನು, 1995ರಿಂದ ಅದನ್ನ ಇಟ್ಕೊಳ್ಳೋದು ನಿಷಿದ್ಧ. ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಚುಕ್ಕೆ ಇಲ್ಲದಿದ್ರೆ ಅದೇ ಅಂತ ತಿಳ್ಕೊ.

ಹದಿನಾರರಿಂದ ಅರವತ್ತನಾಲ್ಕು ವರ್ಷದವರಿಗೆ ಲೈಸೆನ್ಸ್ ಬೇಕು. ಅದು ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ರಾಷ್ಟ್ರೀಯ ಉದ್ಯಾನದೊಳಗೆ ಅದು ನಡೆಯಲ್ಲ, ಬೇರೆ ಪರ್ಮಿಟ್. ನಿಯಮದ ಪುಸ್ತಕ ಪ್ರತಿವರ್ಷ ಹೊಸದಾಗಿ ಓದು, ಬದಲಾಗ್ತಾ ಇರುತ್ತೆ. 2016ರಲ್ಲಿ ಬ್ಯಾನ್ಫಿನ ಜಾನ್ಸನ್ ಲೇಕಲ್ಲಿ ಟ್ರೌಟ್ ಮರಿಗಳನ್ನ ಸುತ್ತಿಸಿ ಕೊಲ್ಲೋ ರೋಗ ಕಂಡಿದೆ, ಒಂದು ನೀರಿನಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಬೂಟು, ಬಲೆ ತೊಳೆದು ಒಣಗಿಸು. ಜೂನಲ್ಲಿ ಬೆಟ್ಟದ ಹಿಮ ಕರಗಿ ನೀರು ಕೆಂಪಾಗಿ ಸೆಳೆತ ಜೋರಿರುತ್ತೆ, ಇಳಿಯಬೇಡ. ಜುಲೈಯಲ್ಲಿ ತಿಳಿಯಾದ ಮೇಲೆ ಫಿಶ್ ಕ್ರೀಕ್ ಪಾರ್ಕ್ ಕಡೆಯಿಂದ ಶುರು ಮಾಡು. ಅತ್ತೆ ದಡದಲ್ಲಿ ಬುತ್ತಿ ಬಿಚ್ಚಿ ಕೂತ್ಕೊಳ್ಳಲಿ, ಅವರಿಗೆ ಇಷ್ಟ ಆಗೋ ಜಾಗ.

ಅತ್ತೆಗೆ ನಿಜವಾದ ಕೆಲಸ ಇರೋದು ಉಪ್ಪಿನಕಾಯಿಯಲ್ಲಿ. ಇಲ್ಲಿಯವರೂ ಆಗಸ್ಟ್ ಬಂತು ಅಂದ್ರೆ ಜಾಡಿ ತೊಳೆಯೋಕೆ ಕೂರ್ತಾರೆ. 1891ರಿಂದ ಈ ಬಯಲಿಗೆ ಬಂದು ನೆಲೆಸಿದ ಉಕ್ರೇನಿನ ರೈತರ ಮನೆಗಳಲ್ಲಿ ಎಳೇ ಸೌತೆ, ಬೆಳ್ಳುಳ್ಳಿ, ಹೂ ಬಿಟ್ಟ ಸಬ್ಬಸಿಗೆ ಸೇರಿಸಿ ಉಪ್ಪುನೀರಲ್ಲಿ ಹುಳಿ ಬರಿಸ್ತಾರೆ. ಹೌದು, ನಮ್ಮ ಅಕ್ಕಿರೊಟ್ಟಿಯ ಸಬ್ಬಸಿಗೆಯೇ. ಒಂದು ಸಲ ಬಿತ್ತಿದ್ರೆ ಮುಂದಿನ ವರ್ಷ ತಾನಾಗಿ ಹುಟ್ಟುತ್ತೆ. ನಮ್ಮ ಬೀದಿಯ ಅಜ್ಜಿಯೊಬ್ಬರು ಬೇಲಿಯಾಚೆಯಿಂದ ಹೂವಿನ ಕಟ್ಟು ಕೊಡ್ತಾರೆ, ನಾನು ಎಳೇ ಎಲೆ ಕೇಳಿ ಇಸ್ಕೊಳ್ತೀನಿ, ಅವರ ಹೂವು, ನಮ್ಮ ಎಲೆ ಎರಡೂ ಒಂದೇ ಮಡಿಯದು.

ವಿನೆಗರ್ ಹಾಕಿ ಜಾಡಿ ಕುದಿಸಿ ಮುಚ್ಚೋ ವಿಧಾನ ಕಲಿತ್ರೆ ಒಂದು ಮಾತು ನೆನಪಿಡು: ಕ್ಯಾಲ್ಗರಿ 1,045 ಮೀಟರ್ ಎತ್ತರದಲ್ಲಿದೆ, ನೀರು ನೂರು ಡಿಗ್ರಿಗೆ ಮುಂಚೆಯೇ ಕುದಿಯುತ್ತೆ, ಪುಸ್ತಕದಲ್ಲಿ ಹೇಳಿದ ಹೊತ್ತಿಗೆ ಹತ್ತು ನಿಮಿಷ ಸೇರಿಸಬೇಕು. ಬೆಳ್ಳುಳ್ಳಿಯನ್ನ ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡಬೇಡ, ಹುಳಿಯಿಲ್ಲದ ಕಡೆ ಬಾಟ್ಯುಲಿಸಂ ವಿಷ ಹುಟ್ಟುತ್ತೆ. ನಮ್ಮ ಉಪ್ಪಿನಕಾಯಿಗೆ ಉಪ್ಪು, ಹುಳಿ ಎರಡೂ ಧಾರಾಳ ಇರೋದ್ರಿಂದಲೇ ಅಷ್ಟು ಬಾಳಿಕೆ.

ಮಾವಿನಕಾಯಿ ಇಲ್ಲಿ ಬೆಳೆಯಲ್ಲ ಅಂತ ಕೊರಗಬೇಡ. ಮೇ, ಜೂನಲ್ಲಿ ಹಳೇ ಹಿತ್ತಲುಗಳಲ್ಲೆಲ್ಲ ರೂಬಾರ್ಬ್ ಅನ್ನೋ ಗಿಡ ಏಳುತ್ತೆ. ಅದರ ಕೆಂಪು ದಂಟು ಮಾವಿನಕಾಯಿಯಷ್ಟೇ ಹುಳಿ, ಬೆಲ್ಲ ಹಾಕಿ ಗೊಜ್ಜು ಮಾಡು, ಇಂಗು ಮೆಣಸು ಹಾಕಿ ತೊಕ್ಕು ಮಾಡು. ಎಲೆ ಮಾತ್ರ ವಿಷ, ಕಿತ್ತ ತಕ್ಷಣ ಕತ್ತರಿಸಿ ಬಿಸಾಡು. ಆಗಸ್ಟ್ ಕೊನೆಗೆ ಬೀದಿಬೀದಿಯಲ್ಲಿ ಕ್ರ್ಯಾಬ್ ಆ್ಯಪಲ್ ಅನ್ನೋ ಪುಟ್ಟ ಹುಳಿ ಸೇಬಿನ ಕಾಯಿ ತುಂಬುತ್ತೆ. ಬಹಳ ಮನೆಯವರು ಕೇಳಿದ್ರೆ ಕಿತ್ಕೊಳ್ಳಿ ಅಂತಾರೆ. ನೆಲ್ಲಿಕಾಯಿ ಗಾತ್ರದ ಗಟ್ಟಿ ಕಾಯನ್ನ ತೊಟ್ಟು ಸಮೇತ ಆರಿಸಿ, ತೊಳೆದು, ಬಟ್ಟೆಯಲ್ಲಿ ಒರೆಸಿ, ಅಲ್ಲಲ್ಲಿ ಸೂಜಿಯಲ್ಲಿ ಚುಚ್ಚು. ಭರಣಿಯಲ್ಲಿ ಒಂದು ಪದರ ಕಾಯಿ, ಒಂದು ಪದರ ಕಲ್ಲುಪ್ಪು. ದಿನಕ್ಕೊಮ್ಮೆ ಕುಲುಕಿದ್ರೆ ವಾರದಲ್ಲಿ ನೀರು ಬಿಟ್ಟು ಕಾಯಿ ಸುಕ್ಕಾಗುತ್ತೆ. ಆ ಉಪ್ಪುನೀರು ಸೋಸಿ, ಕುದಿಸಿ, ಪೂರ್ತಿ ಆರಿಸಿ, ಸಾಸಿವೆ ಮತ್ತು ಬ್ಯಾಡಗಿ ಮೆಣಸು ಅದರಲ್ಲೇ ರುಬ್ಬಿ ಕಾಯಿಗೆ ಬೆರೆಸು. ಮಲೆನಾಡಿನ ಮಿಡಿ ಉಪ್ಪಿನಕಾಯಿಯ ಕ್ರಮವೇ ಇದು. ಅಪ್ಪೆಮಿಡಿಯ ಘಮ ಬರಲ್ಲ, ಬರುತ್ತೆ ಅಂತ ನಾನು ಹೇಳಲ್ಲ. ಆದ್ರೆ ಮೊಸರನ್ನದ ಜೊತೆ ಕಚ್ಚಿದಾಗ ಆ ಹುಳಿ, ಆ ಕುರುಕು ಇದ್ದೇ ಇರುತ್ತೆ. ಫ್ರಿಜ್ಜಲ್ಲಿಟ್ರೆ ಚಳಿಗಾಲ ಪೂರ್ತಿ ಬರುತ್ತೆ.

ಈಗ ಸದ್ಯಕ್ಕೆ ಟೊಮ್ಯಾಟೊ, ಮೆಣಸಿನ ಬೀಜ ಬಿತ್ತಿ ಕಿಟಕಿಯಲ್ಲಿಡು, ಬೀಜ ಇಲ್ಲಿಯ ಅಂಗಡಿಯದೇ ತಗೊ. ಅತ್ತೆ ಬರುವಾಗ ಒಳ್ಳೇ ಬ್ಯಾಡಗಿ ಪುಡಿ, ಇಂಗು ತರೋಕೆ ಹೇಳು. ಹೆಚ್ಚಾದ ಸಬ್ಬಸಿಗೆ ಸಸಿ ನನ್ನ ಹತ್ರ ಇವೆ, ಮೇ ಕೊನೆ ವಾರ ಬಂದು ಒಯ್ಯಿ. ಎಳೇದು ಕಿತ್ತು ನೆಟ್ರೆ ಒಣಗುತ್ತೆ, ಮಣ್ಣಿನ ಹೆಂಟೆ ಸಮೇತ ಎತ್ತಿಕೊಡ್ತೀನಿ, ಒಂದು ಹಳೇ ಟ್ರೇ ತಗೊಂಡು ಬಾ.