ಮೀಟಿಂಗಿಗೆ ಬನ್ನಿ ಅಂತಿದಾರೆ, ಹೋಗ್ಲಾ ಬೇಡ್ವಾ?

ಹೋದ ಸಂಚಿಕೆಲಿ ಒಂದೇ ಒಂದು ಸಾಲು ಬರ್ದಿದ್ದೆ, ಜುಲೈ ಬಂತು, ರೋಟರಿ, ಲಯನ್ಸ್ ಥರದ ಎಲ್ಲಾ ಸೇವಾ ಕ್ಲಬ್ಬುಗಳಲ್ಲೂ ಹೊಸ ಪದಾಧಿಕಾರಿಗಳ ಪದಗ್ರಹಣ ಶುರು ಅಂತ. ಅಷ್ಟಕ್ಕೇ ಇಷ್ಟು ಪತ್ರ ಬಂದಿವೆ. ಸ್ಕೂಲ್ ಟೀಚರ್ ಆಗಿ ರಿಟೈರ್ ಆದವಳು ನಾನು, ಚಿಕ್ಕಮಗಳೂರಲ್ಲೇ ಒಂದು ಸೇವಾ ಕ್ಲಬ್ಬಿನಲ್ಲಿ ತುಂಬಾ ವರ್ಷದಿಂದ ಇದೀನಿ, ಹಂಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ, ಐಜಿ ರೋಡ್ ಹತ್ರ ನಂದು ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ. ಕಸ್ಟಮರ್ ಒಬ್ರು ರೋಟರಿಗೆ ಸೇರ್ಕೊಳ್ಳಿ ಅಂತ ಮೂರು ಸಲ ಕರೆದ್ರು. ಅಲ್ಲಿರೋದೆಲ್ಲ ಪ್ಲಾಂಟರ್‌ಗಳು, ಡಾಕ್ಟರ್‌ಗಳು, ಬರೀ ಇಂಗ್ಲಿಷು ಅಂತಾರೆ. ನಾನು ಪಿಯುಸಿ ಅಷ್ಟೇ. ಗಂಟೆ ಹೊಡೆದು ಮೀಟಿಂಗ್ ಶುರು ಮಾಡ್ತಾರಂತೆ, ವಾರ ವಾರ ಸೇರಿ ಏನ್ ಮಾಡ್ತಾರೆ? ದುಡ್ಡು ಎಷ್ಟಾಗುತ್ತೆ? – ಒಬ್ಬ ಓದುಗರು, ಚಿಕ್ಕಮಗಳೂರು

ಉತ್ತರ: ಮೊದಲು ಒಂದು ವಿಷಯ ಹೇಳ್ಬಿಡ್ತೀನಿ. 1905ರ ಫೆಬ್ರವರಿ 23ಕ್ಕೆ ಶಿಕಾಗೋದಲ್ಲಿ ರೋಟರಿಯ ಮೊದಲನೇ ಮೀಟಿಂಗಿಗೆ ಕೂತಿದ್ದು ನಾಲ್ಕೇ ಜನ. ಪಾಲ್ ಹ್ಯಾರಿಸ್ ಅಂತ ಒಬ್ರು ವಕೀಲರು, ಹೊರಗಿನಿಂದ ಆ ದೊಡ್ಡ ಊರಿಗೆ ಬಂದು ಸ್ನೇಹಿತರಿಲ್ಲದೆ ಒಂಟಿಯಾಗಿದ್ದವರು, ಅವರ ಜೊತೆಗೆ ಒಬ್ಬ ಗಣಿ ಎಂಜಿನಿಯರು, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಟೈಲರ್. ಒಂದೊಂದು ಕಸುಬಿಂದ ಒಬ್ಬೊಬ್ರು ಇರ್ಬೇಕು ಅನ್ನೋದೇ ಆಗಿನ ಯೋಚನೆ, ಒಂದ್ಸಲ ಇವರ ಆಫೀಸು ಇನ್ನೊಂದ್ಸಲ ಅವರ ಆಫೀಸು ಅಂತ ಜಾಗ ಸುತ್ತುತ್ತಾ ಇದ್ದಿದ್ರಿಂದ ರೋಟರಿ ಅಂತ ಹೆಸರಾಯ್ತು. ಅಂಗಡಿ ಇಟ್ಕೊಂಡವರಿಗೆ ಅಲ್ಲಿ ಜಾಗ ಇದ್ದಿದ್ದು ಮೊದಲನೇ ದಿನದಿಂದ, ನೀವು ಹಿಂಜರಿಯೋ ಕಾರಣಾನೇ ಇಲ್ಲ. ಇನ್ನೂ ಒಂದು, ಅವರು ಊರಿಗೆ ಅಂತ ಮಾಡಿದ ಮೊದಲನೇ ಕೆಲಸ 1907ರಲ್ಲಿ ಪಬ್ಲಿಕ್ ಟಾಯ್ಲೆಟ್ ಕಟ್ಟಿಸೋಕೆ ಓಡಾಡಿದ್ದು. ಈಗ ವೀಕೆಂಡ್ ಬಂದ್ರೆ ಮುಳ್ಳಯ್ಯನಗಿರಿ ರೋಡಲ್ಲಿ ಕಾರು ಸಾಲು ನಿಲ್ಲುತ್ತಲ್ಲ, ಆ ಹೆಂಗಸರು ಮಕ್ಕಳ ಅವಸ್ಥೆ ನೋಡಿದಾಗೆಲ್ಲ ನಂಗೆ ಇದೇ ನೆನಪಾಗೋದು.

ಮೀಟಿಂಗ್ ಹೆಂಗಿರುತ್ತೆ ಅಂದ್ರೆ, ಅಧ್ಯಕ್ಷರು ಗಂಟೆ ಹೊಡೀತಾರೆ, ಪ್ರಾರ್ಥನೆ, ಬರ್ತ್‌ಡೇ ಆನಿವರ್ಸರಿ ಇದ್ದವರಿಗೆ ಶುಭಾಶಯ, ಕಾರ್ಯದರ್ಶಿ ವರದಿ, ಆಮೇಲೆ ಅತಿಥಿಗಳ ಮಾತು, ವಂದನಾರ್ಪಣೆ, ರಾಷ್ಟ್ರಗೀತೆ, ಆಮೇಲೆ ಊಟಾನೋ ಕಾಫಿನೋ, ಅದಕ್ಕೆ ಫೆಲೋಶಿಪ್ ಅಂತಾರೆ. ಮುಂಚೆ ವಾರಕ್ಕೊಂದು ಸಲ ಕಡ್ಡಾಯವಾಗಿತ್ತು, 2016ರಿಂದ ನಿಯಮ ಸಡಿಲ ಮಾಡಿದಾರೆ, ತಿಂಗಳಿಗೆ ಎರಡು ಸಲ ಸೇರಿದ್ರೂ ನಡೆಯುತ್ತೆ. ದುಡ್ಡಿನ ವಿಷಯ ಒಂದೊಂದು ಕ್ಲಬ್ಬಲ್ಲಿ ಒಂದೊಂದು ಥರ, ಮುಜುಗರ ಬೇಡ, ಸೇರೋಕೆ ಎಷ್ಟು, ವರ್ಷಕ್ಕೆ ಎಷ್ಟು, ಊಟಕ್ಕೆ ಬೇರೆ ಕೊಡ್ಬೇಕಾ, ಪ್ರಾಜೆಕ್ಟ್ ಬಂದಾಗ ಮೇಲೆ ಕೇಳ್ತಾರಾ ಅಂತ ಕಾರ್ಯದರ್ಶಿ ಹತ್ರ ನೇರವಾಗಿ ಕೇಳಿ ಬರೆಸ್ಕೊಳ್ಳಿ. ಎರಡು ಮೂರು ಮೀಟಿಂಗಿಗೆ ಗೆಸ್ಟ್ ಆಗಿ ಹೋಗಿ ಬಂದು ಆಮೇಲೆ ಹೂಂ ಅನ್ನಿ. ವಯಸ್ಸು ನಲವತ್ತರ ಒಳಗಿದ್ರೆ ಜೆಸಿಐ ಅಂತ ಯುವಕ ಯುವತಿಯರ ಸಂಸ್ಥೆ ಇದೆ, ಅದನ್ನೂ ನೋಡಿ, ಅಲ್ಲಿ ಸ್ಟೇಜ್ ಮೇಲೆ ಮಾತಾಡೋ ಟ್ರೇನಿಂಗ್ ಚೆನ್ನಾಗಿ ಕೊಡ್ತಾರೆ.

ಇಂಗ್ಲಿಷ್ ಬರಲ್ಲ ಅಂತ ಬರ್ದಿದೀರಿ. ನಿಮಗೆ ಬರೋದು ಏನು ಅಂತ ನಾನು ಹೇಳ್ತೀನಿ ಕೇಳಿ. ಕ್ಲಬ್ಬುಗಳು ಅಂಗವಿಕಲರಿಗೆ ಮೂರು ಚಕ್ರದ ಸೈಕಲ್ ಕೊಡ್ತವೆ, ಶಾಲು, ಹಾರ, ಫೋಟೋ ಎಲ್ಲಾ ಆಗುತ್ತೆ, ವರ್ಷ ತುಂಬೋದ್ರೊಳಗೆ ಚೈನ್ ಕಿತ್ತು ಟೈರ್ ಹೋಗಿ ಅದು ಕೊಟ್ಟಿಗೆ ಪಕ್ಕ ಮಳೆಲಿ ನೆನೀತಾ ಬಿದ್ದಿರುತ್ತೆ, ಆ ಮನುಷ್ಯ ಮತ್ತೆ ಜಗಲಿ ಮೇಲೆ. ಬೇರಿಂಗು, ಬ್ರೇಕ್ ಕೇಬಲ್ಲು, ಟ್ಯೂಬು ಗೊತ್ತಿರೋ ಒಬ್ಬರು ಒಂದು ಭಾನುವಾರ ಪಾನಾ ಸ್ಪ್ಯಾನರ್ ಹಿಡ್ಕೊಂಡು ಹಳೇ ಸೈಕಲ್‌ಗಳನ್ನ ಹುಡುಕ್ಕೊಂಡು ಹೋದ್ರೆ ಎಷ್ಟು ಜನ ಮತ್ತೆ ರೋಡಿಗೆ ಬರ್ತಾರೆ ಯೋಚನೆ ಮಾಡಿ. ಹೋಗಿ, ಮೊದಲನೇ ಮೀಟಿಂಗಲ್ಲೇ ಇದನ್ನ ಹೇಳಿ, ಕನ್ನಡದಲ್ಲೇ ಹೇಳಿ.

ಪ್ರಶ್ನೆ: ಹೆಂಗಸರಿಗೆ ಈ ಕ್ಲಬ್ಬುಗಳಲ್ಲಿ ನೇರವಾಗಿ ಸದಸ್ಯತ್ವ ಕೊಡ್ತಾರಾ ಅಥವಾ ಗಂಡ ಮೆಂಬರ್ ಆಗಿದ್ರೆ ಮಾತ್ರಾನಾ? – ಕಡೂರಿನ ಓದುಗರು

ಉತ್ತರ: ನೇರವಾಗೇ ಕೊಡ್ತಾರೆ. ಲಯನ್ಸ್‌ನಲ್ಲಿ 1987ರಿಂದ, ರೋಟರಿಲಿ 1989ರಿಂದ ಹೆಂಗಸರಿಗೆ ಬಾಗಿಲು ತೆಗೀತು, ಗಂಡ ಮೆಂಬರ್ ಆಗಿರ್ಬೇಕು ಅಂತೇನಿಲ್ಲ. ಇನ್ನರ್ ವ್ಹೀಲ್ ಅಂತ ಹೆಂಗಸರದ್ದೇ ಬೇರೆ ಇದೆ, 1924ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಶುರುವಾಗಿದ್ದು. ನಿಜವಾದ ತೊಂದರೆ ಟೈಮಿಂದು. ರಾತ್ರಿ ಎಂಟಕ್ಕೆ ಮೀಟಿಂಗ್ ಇಟ್ರೆ ಕಡೂರಿಂದಾಗ್ಲಿ ಬೀರೂರಿಂದಾಗ್ಲಿ ಯಾರು ಬರ್ತಾರೆ? ನಮ್ಮ ಕ್ಲಬ್ಬಲ್ಲಿ ಸಂಜೆ ಐದೂವರೆಗೆ ತಂದ ಮೇಲೇನೇ ಹೆಂಗಸರು ಬರೋಕೆ ಶುರು ಮಾಡಿದ್ದು. ಸೇರೋ ಮುಂಚೆ ಅದನ್ನ ಕೇಳಿ.

ಪ್ರಶ್ನೆ: ನಾನು ಈ ವರ್ಷ ನಮ್ಮ ಕ್ಲಬ್ಬಿನ ಕಾರ್ಯದರ್ಶಿ. ಪ್ರತಿ ಮೀಟಿಂಗಿಗೂ ಒಬ್ಬ ಗೆಸ್ಟ್ ಸ್ಪೀಕರ್ ಹುಡುಕೋದೇ ದೊಡ್ಡ ತಲೆನೋವು. ಬೆಂಗಳೂರಿಂದ ಕರೆಸಿದ್ರೂ ಜನ ಮೊಬೈಲ್ ನೋಡ್ತಾ ಕೂತಿರ್ತಾರೆ. – ಕೊಪ್ಪದ ಓದುಗರು

ಉತ್ತರ: ಬೆಂಗಳೂರು ಯಾಕೆ ಸರ್, ನಿಮ್ಮ ಸುತ್ತಾನೇ ಇದಾರಲ್ಲ. ನನ್ನ ಅನುಭವದಲ್ಲಿ ಭಾಷಣ ಹಿಡಿಸೋದು ಬಿಡೋದು ಮಾತುಗಾರಿಕೆ ಮೇಲೆ ನಿಂತಿಲ್ಲ, ಆ ತಿಂಗಳಲ್ಲಿ ಜನರ ತಲೇಲಿ ಏನಿದೆ ಅದರ ಮೇಲೆ ನಿಂತಿದೆ. ಆದ್ರಿಂದ ಜುಲೈನಲ್ಲೇ ಒಂದು ಕ್ಯಾಲೆಂಡರ್ ಎದುರಿಗಿಟ್ಕೊಂಡು ಕೂತ್ಕೊಳ್ಳಿ. ಮಳೆಗಾಲದಲ್ಲಿ ಹಾವಿನ ವಿಷಯ ತಿಳಿದ ಡಾಕ್ಟರ್‌ನ ಕರೀರಿ, ಕಚ್ಚಿದ ಜಾಗ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಓಡ್ಬೇಕು ಅನ್ನೋದನ್ನ ಅವರು ಹೇಳಿದ್ರೆ ಎಸ್ಟೇಟ್ ರೈಟರುಗಳು, ಅಂದ್ರೆ ತೋಟದ ಲೆಕ್ಕ ಬರೆಯೋರು, ಅದನ್ನ ಮಾರನೇ ದಿನ ಕೂಲಿಯವರ ಲೈನ್ ಮನೆಗಳಿಗೆ ತಗೊಂಡು ಹೋಗ್ತಾರೆ. ನವೆಂಬರ್‌ನಲ್ಲಿ ಮಂಗನ ಕಾಯಿಲೆ. ನಿಮ್ಮ ಕೊಪ್ಪ, ಎನ್‌ಆರ್ ಪುರ, ಶೃಂಗೇರಿ ಕಡೆಯವರಿಗೆ ನಾನೇನು ಹೇಳ್ಬೇಕಾಗಿಲ್ಲ, 1957ರಲ್ಲಿ ಶಿವಮೊಗ್ಗ ಜಿಲ್ಲೆ ಕ್ಯಾಸನೂರಲ್ಲಿ ಕಾಣಿಸಿಕೊಂಡಿದ್ದು ಈಗಲೂ ಬೇಸಿಗೆ ಮುಗಿಯೋವರೆಗೂ ಭಯ ಹುಟ್ಟಿಸುತ್ತೆ. ಡಿಸೆಂಬರ್‌ಗೆ ಸೀಸನ್ ಶುರು, ಅದಕ್ಕೆ ಮುಂಚೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೇ ಮುಖ್ಯ ಅತಿಥಿ ಮಾಡಿ. ಕಾಡಿಗೆ ಹೋಗೋ ಮುಂಚೆ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹೆಂಗೆ ಹಚ್ಕೋಬೇಕು, ಉಣುಗು ಕಚ್ಚಿದ್ರೆ ಏನು, ಮಂಗ ಸತ್ತು ಬಿದ್ದಿರೋದು ಕಂಡ್ರೆ ಯಾರಿಗೆ ತಿಳಿಸ್ಬೇಕು, ಇದೆಲ್ಲ ಮನೆ ಮನೆ ಸುತ್ತಿ ಹೇಳೋರು ಅವರು. ಸೂಟ್ ಹಾಕ್ಕೊಂಡು ಬರೋರಿಗೆ ಕೊಡೋ ಕುರ್ಚಿ, ಶಾಲು, ಮರ್ಯಾದೆ ಅಷ್ಟೂ ಅವರಿಗೂ ಕೊಡಿ. ಮಾರ್ಚಿಗೆ ಕಾಫಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದ ನಿಮ್ಮ ಪಕ್ಕದಲ್ಲೇ ಇದೆ, ಅರೇಬಿಕಾ ಗಿಡ ಕೊರೆಯೋ ಬೋರರ್ ದುಂಬಿ ಏಪ್ರಿಲ್ ಮೇನಲ್ಲಿ ಹಾರಾಡೋಕೆ ಶುರುವಾಗೋ ಮುಂಚೆ ಹಿಡಿದ ಗಿಡ ಗುರುತಿಸಿ ಕೀಳ್ಬೇಕು, ಅದನ್ನ ಜೂನ್‌ನಲ್ಲಿ ಕೇಳಿ ಏನುಪಯೋಗ? ಒಬ್ಬರೂ ಆವತ್ತು ಮೊಬೈಲ್ ತೆಗೆಯಲ್ಲ, ಬೇಕಾದ್ರೆ ನೋಡಿ.

ಕೊಯ್ಲಿನ ತಿಂಗಳುಗಳಲ್ಲಿ ಪ್ಲಾಂಟರ್‌ಗಳು ಬರಲ್ಲ ಅಂತ ಬೇಜಾರ್ ಮಾಡ್ಕೋಬೇಡಿ, ಆಗ ಸಣ್ಣ ಮೀಟಿಂಗ್ ಇಟ್ಟು ಮೆಂಬರ್‌ಗಳಲ್ಲೇ ಒಬ್ರು ಅವರ ಕಸುಬಿನ ಬಗ್ಗೆ ಮಾತಾಡ್ಲಿ, ಬ್ಯಾಂಕಿನವರು ಆನ್‌ಲೈನ್ ಮೋಸದ ಬಗ್ಗೆ, ಮೆಡಿಕಲ್ ಶಾಪಿನವರು ಆ್ಯಂಟಿಬಯೋಟಿಕ್ ಅರ್ಧಕ್ಕೆ ಬಿಡೋದರ ಬಗ್ಗೆ. ಮಾತು ಇಪ್ಪತ್ತು ನಿಮಿಷ, ಪ್ರಶ್ನೆ ಹದಿನೈದು ನಿಮಿಷ, ಇದನ್ನ ಕರೆಯುವಾಗಲೇ ಹೇಳಿ. ಪರಿಚಯ ಭಾಷಣ ಎರಡು ನಿಮಿಷಕ್ಕೆ ಮುಗೀಲಿ, ಅತಿಥಿಗಳಿಗಿಂತ ಪರಿಚಯ ಮಾಡಿಕೊಡೋರೇ ಜಾಸ್ತಿ ಮಾತಾಡೋದನ್ನ ನಾನು ಎಷ್ಟು ಸಲ ನೋಡಿ ಸಂಕಟ ಪಟ್ಟಿದೀನಿ. ಮೈಕು ಮೊದಲೇ ಟೆಸ್ಟ್ ಮಾಡಿ. ಬಂದವರನ್ನ ಮನೆಗೆ ಬಿಟ್ಟು ಬರೋಕೆ ಒಬ್ಬರನ್ನ ಮೊದಲೇ ಗೊತ್ತು ಮಾಡಿ. ಇನ್ನೊಂದು ಮುಖ್ಯವಾದ್ದು, ಮಾತು ಮುಗಿದ ಮೇಲೆ ಮುಂದಿನ ಮೀಟಿಂಗಲ್ಲಿ ಐದು ನಿಮಿಷ ಇಟ್ಟು, ಹೋದ ಸಲ ಅವರು ಹೇಳಿದ್ದರಲ್ಲಿ ಯಾವ ಒಂದು ಕೆಲಸ ಹಿಡ್ಕೊಳ್ಳೋಣ ಅಂತ ಕೇಳಿ.

ಪ್ರಶ್ನೆ: ಮೇಡಂ, ನಾವು ಆಲ್ದೂರು ಕಡೆ ಎಸ್ಟೇಟ್ ಲೈನಲ್ಲಿ ಇರೋದು. ಹೋದ ವರ್ಷ ಒಂದು ಕ್ಲಬ್ಬಿನವರು ಬಂದು ಕಣ್ಣಿನ ಕ್ಯಾಂಪ್ ಮಾಡಿದ್ರು. ಅಮ್ಮಂಗೆ ಕನ್ನಡಕ ಬೇಕು ಅಂತ ಚೀಟಿ ಬರೆದ್ರು, ಫೋಟೋ ತೆಗೆದ್ರು, ಹದಿನೈದು ದಿನ ಅಂದ್ರು, ಇನ್ನೂ ಬಂದಿಲ್ಲ. ಪಕ್ಕದ ಮನೆ ಅಜ್ಜಿಗೆ ಪೊರೆ ಬಂದಿದೆ, ಬಸ್ ಕಳಿಸ್ತೀವಿ ಅಂದ್ರು. ಅಜ್ಜಿ ಈಗಲೂ ಗೋಡೆ ಹಿಡ್ಕೊಂಡೇ ಓಡಾಡೋದು. ಯಾರನ್ನ ಕೇಳೋದು?

ಉತ್ತರ: ನಿಮ್ಮ ಪತ್ರ ಓದಿ ಆವತ್ತು ಬೇರೆ ಪತ್ರ ತೆಗೆಯೋಕೆ ಆಗ್ಲಿಲ್ಲ. ನೀವು ಕೇಳೋದು ನ್ಯಾಯ, ಕೊಡ್ತೀವಿ ಅಂದವರು ಕೊಡ್ಲೇಬೇಕು. ಆ ಚೀಟಿ ಇದ್ರೆ ಜೋಪಾನ ಮಾಡಿ, ಎಸ್ಟೇಟ್ ರೈಟರ್ ಹತ್ರ ಕ್ಯಾಂಪ್ ಮಾಡಿಸಿದವರ ಫೋನ್ ನಂಬರ್ ಇದ್ದೇ ಇರುತ್ತೆ, ಅವರಿಂದಲೇ ಫೋನ್ ಮಾಡಿಸಿ. ಆದ್ರೆ ಅಜ್ಜಿನ ಅದಕ್ಕೆ ಕಾಯಿಸಬೇಡಿ. ಆಧಾರ್, ರೇಷನ್ ಕಾರ್ಡ್ ತಗೊಂಡು ಚಿಕ್ಕಮಗಳೂರು ಜಿಲ್ಲಾ ಆಸ್ಪತ್ರೆ ಕಣ್ಣಿನ ವಿಭಾಗಕ್ಕೆ ಕರ್ಕೊಂಡು ಹೋಗಿ, ಅದಕ್ಕೆ ಮುಂಚೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಶುಗರ್ ನೋಡಿಸಿ, ಅದು ಜಾಸ್ತಿ ಇದ್ರೆ ಆಪರೇಷನ್ ಮುಂದಕ್ಕೆ ಹಾಕಿ ವಾಪಸ್ ಕಳಿಸ್ತಾರೆ. ಅಮ್ಮಂದು ಬರೀ ಚಾಳೀಸು ಆಗಿದ್ರೆ, ಅಂದ್ರೆ ದೂರದ್ದು ಕಾಣುತ್ತೆ, ಅಕ್ಕಿಲಿ ಕಲ್ಲು ಆರಿಸೋಕೆ ಆಗಲ್ಲ ಅಂದ್ರೆ, ಅದು ಕಡಿಮೆ ಬೆಲೆಗೇ ಸಿಗೋ ರೆಡಿ ಕನ್ನಡಕ, ನಂಬರ್ ಮಾತ್ರ ಪರೀಕ್ಷೆ ಮಾಡಿಸೇ ತಗೊಳ್ಳಿ.

ಈಗ ಕ್ಲಬ್ಬಿನವರಿಗೆ ಎರಡು ಮಾತು, ನನ್ನ ಕ್ಲಬ್ಬನ್ನೂ ಸೇರಿಸಿ. 1925ರಲ್ಲಿ ಹೆಲೆನ್ ಕೆಲರ್ ಲಯನ್ಸ್ ಸಮಾವೇಶಕ್ಕೆ ಬಂದು ಕಣ್ಣಿಲ್ಲದವರ ಪರವಾಗಿ ನಿಲ್ಲಿ ಅಂತ ಕೇಳ್ಕೊಂಡರು, ಆವತ್ತಿಂದ ಕಣ್ಣಿನ ಕೆಲಸ ಅಂದ್ರೆ ಲಯನ್ಸ್ ಅನ್ನೋ ಹೆಸರು ಬಂತು, ಈಗ ಎಲ್ಲರೂ ಮಾಡ್ತಾರೆ. ಆದ್ರೆ ತಪಾಸಣೆ ಅನ್ನೋದು ಕೆಲಸದಲ್ಲಿ ಕಾಲು ಭಾಗ ಅಷ್ಟೇ. ಆಪರೇಷನ್‌ಗೆ ಬಸ್ಸು ಬೇಕು, ಜೊತೆಗೆ ಒಬ್ರು ಹೋಗ್ಬೇಕು, ಆ ಜೊತೆಗಾರರ ಒಂದು ದಿನದ ಕೂಲಿ ಹೋಗುತ್ತೆ, ಆಮೇಲೆ ನಾಲ್ಕೈದು ವಾರ ಡ್ರಾಪ್ಸ್ ಹಾಕ್ಬೇಕು, ಒಲೆ ಹೊಗೆಯಿಂದ ದೂರ ಇರ್ಬೇಕು, ಮತ್ತೆ ಚೆಕಪ್. ನಾವೊಂದು ವರ್ಷ ಕೊಯ್ಲಿನ ಮಧ್ಯೆ ಕ್ಯಾಂಪ್ ಇಟ್ಟು ಬಸ್ಸಲ್ಲಿ ಅರ್ಧ ಸೀಟು ಖಾಲಿ ಹೋಯ್ತು, ಜನರಿಗೆ ಬೇಡ ಅಂತಲ್ಲ, ಕೂಲಿ ಬಿಟ್ಟು ಬರೋಕೆ ಆಗ್ತಿರ್ಲಿಲ್ಲ. ಅದಾದ ಮೇಲೆ ಕೊಯ್ಲು ಮುಗಿದ ಮೇಲೇನೇ ಇಡೋದು, ಬ್ಯಾನರ್ ಬರೆಸೋ ಮುಂಚೆ ಆಪರೇಷನ್ ದಿನ, ಕನ್ನಡಕ ಹಂಚೋ ದಿನ, ಚೆಕಪ್ ದಿನ ಮೂರನ್ನೂ ಗೊತ್ತು ಮಾಡೋದು, ಒಂದೊಂದು ಲೈನಿಗೆ ಒಬ್ಬ ಮೆಂಬರ್ ಜವಾಬ್ದಾರಿ. ಇಷ್ಟು ಮಾಡೋಕಾಗಲ್ಲ ಅಂದ್ರೆ ಇನ್ನೂರು ಜನರನ್ನ ನೋಡೋದು ಬೇಡ, ಇಪ್ಪತ್ತು ಜನರನ್ನ ನೋಡಿ, ಇಪ್ಪತ್ತೂ ಜನಕ್ಕೆ ಪೂರ್ತಿ ಮಾಡಿ. ದಯವಿಟ್ಟು.

ಪ್ರಶ್ನೆ: ಆಂಟಿ, ಕಾಲೇಜಲ್ಲಿ ಬ್ಲಡ್ ಡೊನೇಷನ್ ಕ್ಯಾಂಪ್ ಇತ್ತು, ನಂದು 43 ಕೆಜಿ ಅಂತ ವಾಪಸ್ ಕಳಿಸಿದ್ರು, ಫ್ರೆಂಡ್ಸ್ ಎಲ್ಲ ಕೊಟ್ರು, ತುಂಬಾ ಬೇಜಾರಾಯ್ತು. ಅಕ್ಟೋಬರ್ 1ಕ್ಕೆ ಮತ್ತೆ ಕ್ಯಾಂಪ್ ಇದೆ, ನಾನೇನೂ ಮಾಡೋಕಾಗಲ್ವಾ? – ಬಿಕಾಂ ವಿದ್ಯಾರ್ಥಿನಿ

ಉತ್ತರ: ಪುಟ್ಟಾ, ಅವರು ಮಾಡಿದ್ದು ಸರಿಯಾಗೇ ಇದೆ. 18 ತುಂಬಿರ್ಬೇಕು, ಕನಿಷ್ಠ 45 ಕೆಜಿ ಇರ್ಬೇಕು, ಹಿಮೋಗ್ಲೋಬಿನ್ 12.5 ಇರ್ಬೇಕು, ಇದು ನಿನ್ನ ಆರೋಗ್ಯ ಕಾಪಾಡೋಕೆ ಇರೋ ನಿಯಮ. ಕೊಡೋದು ಒಂದೇ ಕೆಲಸ ಅಲ್ಲ ಕಣಮ್ಮ. ಕ್ಯಾಂಪಲ್ಲಿ ಬಂದ ರಕ್ತದ ಕೆಂಪು ಕಣ ಐದಾರು ವಾರ ಇಡಬಹುದು, ಪ್ಲೇಟ್‌ಲೆಟ್ ಐದೇ ದಿನ. ಒಂದೇ ದಿನ ಎಲ್ಲಾ ಕಾಲೇಜಲ್ಲೂ ಕ್ಯಾಂಪ್ ಮಾಡಿ ಆಮೇಲೆ ಎರಡು ತಿಂಗಳು ಯಾರೂ ಕೊಡದಿದ್ರೆ ಡೆಂಗ್ಯೂ ಬಂದವರ ಮನೆಯವರು ರಾತ್ರಿ ಹೊತ್ತು ಎಲ್ಲರಿಗೂ ಫೋನ್ ಮಾಡ್ತಾ ಕೂರ್ಬೇಕು. ಅದಕ್ಕೆ ಬೇಕಾಗಿರೋದು ಒಂದು ಪಟ್ಟಿ, ಯಾವ ಗ್ರೂಪು, ಕೊನೇ ಸಲ ಕೊಟ್ಟಿದ್ದು ಯಾವತ್ತು, ಹುಡುಗರಿಗೆ 90 ದಿನ ಹುಡುಗಿಯರಿಗೆ 120 ದಿನ ಆಗಿದೆಯಾ, ಈಗ ಊರಲ್ಲಿದಾರಾ ಅಂತ ತಿಂಗಳು ತಿಂಗಳು ಫೋನ್ ಮಾಡಿ ಸರಿ ಮಾಡೋರು. ಬಿಕಾಂ ಓದ್ತಿದೀಯ, ಲೆಕ್ಕ ಇಡೋದು ನಿಂಗೆ ಬರುತ್ತೆ. ನಿಮ್ಮ ಕಾಲೇಜಲ್ಲಿ ರೋಟರಾಕ್ಟ್, ಅಂದ್ರೆ ರೋಟರಿಯ ಯುವಜನರ ಕ್ಲಬ್, ಇದ್ರೆ ಈ ಕೆಲಸ ಕೇಳಿ ತಗೋ, ಇಲ್ಲದಿದ್ರೆ ಎನ್‌ಎಸ್‌ಎಸ್ ಸರ್ ಹತ್ರ ಕೇಳು. ಅಕ್ಟೋಬರ್ 1ಕ್ಕೆ ಒಂದು ನೋಟ್‌ಬುಕ್ ತಗೊಂಡು ಜ್ಯೂಸ್ ಕೊಡೋ ಟೇಬಲ್ ಹತ್ರ ಕೂತ್ಕೊ, ಕೊಟ್ಟವರು ಹತ್ತು ನಿಮಿಷ ಅಲ್ಲಿ ಕೂತೇ ಕೂರ್ತಾರೆ, ಅಷ್ಟರಲ್ಲಿ ಹೆಸರು ಗ್ರೂಪು ನಂಬರ್ ಬರ್ಕೊಳ್ಳೋಕೆ ಟೈಮ್ ಸಾಕು. ಮೊದಲನೇ ಸಲ ಕೊಡೋಕೆ ಬಂದು ಹೆದರಿರೋ ಹುಡುಗಿ ಯಾರಾದ್ರೂ ಕಂಡ್ರೆ ಪಕ್ಕಕ್ಕೆ ಹೋಗಿ ಕೈ ಹಿಡ್ಕೊ.