ಸ್ಕೀ ಜಿಗಿತದಲ್ಲಿ ಸುರಕ್ಷಿತವಾಗಿ ಬೀಳುವುದು ಹೇಗೆ?

ಸ್ಕೀ ಎಂಬ ಉದ್ದನೆಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗ್‌ನ ಜಿಗಿತ ಹಾಗೂ ಕಸರತ್ತುಗಳಲ್ಲಿ ಬೀಳುವುದು ಖಚಿತವಾದ ಮೇಲೆ ಸಾವರಿಸಿಕೊಳ್ಳಲು ಹೆಣಗಬಾರದು. ಮೊಣಕಾಲಿನೊಳಗೆ ಮೂಳೆಗಳನ್ನು ಬಿಗಿಹಿಡಿಯುವ ಎಸಿಎಲ್ ಎಂಬ ಅಸ್ಥಿಬಂಧ (ಲಿಗಮೆಂಟ್) ಹರಿಯುವುದು ಎಷ್ಟೋ ಬಾರಿ ಆ ಹೆಣಗಾಟದಲ್ಲೇ: ದೇಹ ಹಿಂದಕ್ಕೆ ವಾಲಿ, ಸೊಂಟ ಮೊಣಕಾಲಿಗಿಂತ ಕೆಳಗಿಳಿದು, ಭಾರವೆಲ್ಲ ಇಳಿಜಾರಿನ ಕೆಳಬದಿಯ ಸ್ಕೀಯ ಒಳ ಅಂಚಿನ ಮೇಲೆ ಬಿದ್ದಾಗ, ಸ್ಕೀಯ ಹಿಂತುದಿ ಸನ್ನೆಗೋಲಿನಂತೆ ಕಾಲನ್ನು ತಿರುಚಿಬಿಡುತ್ತದೆ. ಆದ್ದರಿಂದ ಕಾಲುಗಳನ್ನು ಜೋಡಿಸಿ, ಮೊಣಕಾಲು ಮಡಿಸಿ, ಕೈಗಳನ್ನು ದೇಹದ ಮುಂದಿಟ್ಟುಕೊಂಡು, ಗದ್ದವನ್ನು ಎದೆಯತ್ತ ಒತ್ತಿ, ತೊಡೆಯ ಪಕ್ಕ ನೆಲಕ್ಕೆ ತಾಗುವಂತೆ ಬೀಳಬೇಕು. ಜಾರುವುದು ಪೂರ್ತಿ ನಿಲ್ಲುವವರೆಗೆ ಏಳಲು ಯತ್ನಿಸಬಾರದು.

ಕೈಯೂರಿ ಬಿದ್ದರೆ ಮಣಿಕಟ್ಟು, ಭುಜಗಳಿಗೆ ಪೆಟ್ಟಾಗುತ್ತದೆ. ಮುಷ್ಟಿಯಲ್ಲಿ ಸ್ಕೀ ಕೋಲು ಇದ್ದರಂತೂ ಅದರ ಹಿಡಿ ಹೆಬ್ಬೆರಳನ್ನು ಹೊರಕ್ಕೆ ಬಗ್ಗಿಸಿ ಬುಡದ ಅಸ್ಥಿಬಂಧವನ್ನೇ ಹರಿಯಬಹುದು. ಜಿಗಿಯುವಾಗ ಕೋಲಿನ ಪಟ್ಟಿಯೊಳಗೆ ಕೈ ತೂರಿಸದಿರಿ.

ಎಲ್ಲಿ ಇಳಿಯುತ್ತೀರಿ ಎಂಬುದು, ನನ್ನ ದೃಷ್ಟಿಯಲ್ಲಿ, ಹೇಗೆ ಬೀಳುತ್ತೀರಿ ಎಂಬುದಕ್ಕಿಂತ ಮುಖ್ಯ. ಕಡಿದಾದ ಇಳಿಜಾರಿನ ಮೇಲೆ ಬಿದ್ದವರ ವೇಗ ಜಾರುತ್ತ ಕರಗುತ್ತದೆ, ಆದರೆ ವೇಗ ಸಾಲದೆ ಇಳಿಜಾರಿಗೆ ಮುಂಚಿನ ಸಮತಟ್ಟಿನ ಮೇಲೋ, ವೇಗ ಹೆಚ್ಚಾಗಿ ಇಳಿಜಾರನ್ನು ದಾಟಿದ ಸಮತಟ್ಟಿನ ಮೇಲೋ ಬಿದ್ದವರ ದೇಹ ಇಡೀ ಆಘಾತವನ್ನು ಒಮ್ಮೆಲೇ ತಾಳಬೇಕಾಗುತ್ತದೆ. ಹಾಗಾಗಿ ಮೊದಲು ಜಿಗಿಯದೆ ಜಾಗವನ್ನು ನೋಡಿ, ಬೇರೆಯವರ ವೇಗವನ್ನು ಗಮನಿಸಿ. ಪಲ್ಟಿಗಳನ್ನು ಟ್ರ್ಯಾಂಪೊಲಿನ್, ಏರ್‌ಬ್ಯಾಗ್‌ಗಳ ಮೇಲೆ ತರಬೇತುದಾರರ ಎದುರಿನಲ್ಲೇ ಕಲಿಯಿರಿ. ಅಮೆರಿಕದ ಯೂಟಾ ಒಲಿಂಪಿಕ್ ಪಾರ್ಕ್‌ನಲ್ಲಿ ನುರಿತ ಸ್ಪರ್ಧಿಗಳೂ ಬೇಸಿಗೆಯಲ್ಲಿ ಈಜುಕೊಳಕ್ಕೆ ಜಿಗಿದೇ ಅಭ್ಯಾಸ ಮಾಡುತ್ತಾರೆ. ಹೆಲ್ಮೆಟ್ ಕಡ್ಡಾಯ. ತಲೆಗೆ ಪೆಟ್ಟು ಬಿದ್ದು ತಲೆಸುತ್ತು, ವಾಕರಿಕೆ ಅಥವಾ ಗೊಂದಲ ಕಂಡರೆ ಅಂದು ಮತ್ತೆ ಜಿಗಿಯದೆ ವೈದ್ಯರನ್ನು ಕಾಣಿರಿ.